ಆಟ, ಸೂತ ಹನ್ನೆರಡು

ನನ್ನ ನಾದಿನಿಯ ಬಲಗೈಯ ನಡುಬೆರಳಿನ ಮೇಲಿನ ಗೆಣ್ಣಿನ ಪಕ್ಕದಲ್ಲಿ ಒಂದು ತಗ್ಗು ಬಿದ್ದಿತ್ತು. ಒಂದು ಸಾಸಿವೆ ಕಾಳು ಕೂಡುವಷ್ಟು ತಗ್ಗು. ಓಣಿಯ ಮಕ್ಕಳು ಹಟ ಹಿಡಿದರೆ ಒಗ್ಗರಣೆಗೆ ತೆಗೆದಿಟ್ಟ ಸಾಸಿವೆಯಲ್ಲಿ ಒಂದು ಕಾಳನ್ನು ಅಲ್ಲಿ ಕೂಡಿಸಿ, ಕೈಯನ್ನು ಅತ್ತಿತ್ತ ತಿರುವಿ, "ನೋಡ್ರಿ, ಬಿತ್ತೇನು?" ಎಂದು ಕೇಳುತ್ತಿದ್ದರು. ಬೀಳುತ್ತಿರಲಿಲ್ಲ. ತಗ್ಗಿನ ಅಂಚಿಗೆ ಮಸಿ ಇಳಿದು ಚರ್ಮವೇ ಕರ್ರಗಾಗಿತ್ತು. ಸೀಗೆಕಾಯಿ, ಬೂದಿ, ಹುಣಸೆಹುಳಿ ಯಾವುದಕ್ಕೂ ಅದು ಹೋಗಲಿಲ್ಲ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗೀಟು ಎಳೆದು ಎಳೆದು ತಗ್ಗು ಬಿದ್ದ ಹೆಂಗಸಿನ ಬೆರಳು ನಾನು ಕಂಡದ್ದು ಅದೊಂದೇ.

ಬೈಲಹೊಂಗಲದಲ್ಲಿ ನಮ್ಮವರು ಕೆಲಸಕ್ಕಿದ್ದ ಹತ್ತಿ ಗಿರಣಿ ಎಷ್ಟೋ ಸುಗ್ಗಿಗಳನ್ನು ಆ ಬೆರಳಿನ ಮೇಲೆ ದಾಟಿತು. ಅದು ಯಾರ ಬೆರಳು ಎಂದು ಗಿರಣಿಯವರಿಗೆ ತಿಳಿದದ್ದು ಮಾತ್ರ ಒಂದೇ ಸಲ, ತಪ್ಪು ಹೊರಿಸಲು ಒಬ್ಬರು ಬೇಕಾದಾಗ.  ಆ ಸಿಟ್ಟಿಗೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮದು ಬಡಿಗರ ಮನೆತನ. ನಮ್ಮವರು ಗಿರಣಿಯ ಬಡಗಿ. ಯಂತ್ರದ ಭಾಗ ಮುರಿದರೆ ಅದರ ಕಟ್ಟಿಗೆಯ ಅಚ್ಚು ಮಾಡುವುದು, ಅದರ ನಕ್ಷೆ ತಯಾರಿಸುವುದು, ಕಮ್ಮಾರರ ಕಡೆಯಿಂದ ಹೊಸದನ್ನು ಮಾಡಿಸಿ ತರುವುದು ಅವರ ಕೆಲಸ. ವಿಲಾಯತಿಯಿಂದ ಸಾಮಾನು ಬರುವ ದಾರಿ ಕಾಯುತ್ತ ಕೂತರೆ ಸುಗ್ಗಿಯೇ ಮುಗಿದುಹೋಗುತ್ತಿತ್ತು. ನಾದಿನಿ ಅವರ ಹಿರಿಯಕ್ಕ. ಕಿತ್ತೂರಿಗೆ ಕೊಟ್ಟಿದ್ದರು. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಆತ ತೀರಿಹೋಗಿ, ತವರಿಗೆ ತಿರುಗಿ ಬಂದವರು. ಆಗ ನಮ್ಮ ಮಾವನವರು ರೈಲಿನ ಕೆಲಸಕ್ಕೆಂದು ಹುಬ್ಬಳ್ಳಿಯಲ್ಲಿದ್ದರು. ಹಲಗೆಯ ಮೇಲೆ ಸುಣ್ಣದ ದಾರ ಹಿಡಿದು ಗೀಟು ಹೊಡೆಯುವಾಗ ದಾರದ ಇನ್ನೊಂದು ತುದಿ ಹಿಡಿಯಲು ಮಗಳನ್ನು ಕೂಡಿಸಿಕೊಳ್ಳುತ್ತಿದ್ದರಂತೆ. ಮುಂದೆ ಅವರ ಕಣ್ಣಿಗೆ ಪೊರೆ ಬಂತು. ಅಷ್ಟು ಹೊತ್ತಿಗೆ ಮಗಳ ಕೈಯಲ್ಲಿ ದಾರ ಹೋಗಿ ಗೀಟಿನ ಲೇಖಣಿಕೆ ಬಂದಿತ್ತು. ಮಾವನವರು ತೀರಿದ ಮೇಲೆ ಅದೇ ಕೈ ತಮ್ಮನಿಗೆ ಬರೆಯತೊಡಗಿತು. ನಮ್ಮವರು ಅಚ್ಚು ಕೆತ್ತುವುದರಲ್ಲಿ ಹುಲಿ. ಲೇಖಣಿಕೆ ಕೊಟ್ಟರೆ ಮಾತ್ರ ಕಾಗದದ ಮೇಲೆ ಕೋಳಿ ಕೆದರಿದ ಹಾಗೆ. ಗಿರಣಿಯಲ್ಲಿ ಅಳತೆ ತೆಗೆದುಕೊಂಡು ಬಂದು ಅಕ್ಕನ ಮುಂದೆ ಹೇಳುತ್ತಿದ್ದರು, ಅಕ್ಕ ಬರೆಯುತ್ತಿದ್ದರು, ಮೂಲೆಯಲ್ಲಿ ತಮ್ಮನ ಹೆಸರು ಬೀಳುತ್ತಿತ್ತು. ನಾನು ಸೊಸೆಯಾಗಿ ಬಂದಾಗ ಇದು ಬೀಸುವ ಕುಟ್ಟುವ ಕೆಲಸದ ಹಾಗೆ ಮನೆಯಲ್ಲಿ ನಡೆದುಕೊಂಡು ಬಂದದ್ದಾಗಿತ್ತು. ಯಾರೂ ಅದರ ಸುದ್ದಿ ಆಡುತ್ತಿರಲಿಲ್ಲ.

ಬೆಳಗಿನ ರೊಟ್ಟಿ ಮುಗಿದ ಮೇಲೆ ಪಡಸಾಲೆಯ ಮೂಡಲ ಕಿಟಕಿಯ ಹತ್ತಿರ ಹಲಗೆ ಹಾಕಿಕೊಂಡು ಕೂಡುತ್ತಿದ್ದರು. ಮೊದಲು ಮೂಗಿಗೆ ಒಂದು ಚಿಟಿಕೆ ತಪಕೀರು. ಸೀನು ಬರುವುದಿದ್ದರೆ ಆಗಲೇ ಬಂದುಹೋಗಬೇಕು, ಗೀಟಿನ ನಡುವೆ ಬರಬಾರದು. ಆಮೇಲೆ ತುಟಿ ಒಳಗೆ ಎಳೆದುಕೊಂಡು ಉಸಿರು ಹಿಡಿದರೆ ಗೀಟು ಮುಗಿಯುವವರೆಗೆ ಬಿಡುತ್ತಿರಲಿಲ್ಲ. "ಉಸರ ಬಿಟ್ಟಲ್ಲೆ ಗೀಟು ಹೊಟ್ಟಿ ಬಿಡತೈತಿ" ಎನ್ನುವರು. ಆ ಹೊತ್ತಿನಲ್ಲಿ ಪಡಸಾಲೆಯ ಮೇಲೆ ದಪ್ಪ ಹೆಜ್ಜೆ ಇಟ್ಟರೆ ನಮ್ಮ ಅತ್ತೆಯವರೂ ಬೈಸಿಕೊಳ್ಳುತ್ತಿದ್ದರು. ಗಿರಣಿಯ ನಕ್ಷೆ ಬರೆಯುತ್ತಿದ್ದದ್ದು ಗಂಜಿ ಹಾಕಿದ ತೆಳ್ಳನ್ನ ಬಟ್ಟೆಯ ಮೇಲೆ. ಕೆಟ್ಟುಹೋದದ್ದನ್ನು ಚೆಲ್ಲುತ್ತಿರಲಿಲ್ಲ. ಬಿಸಿನೀರಿನಲ್ಲಿ ಗಂಜಿ ಹೋಗುವ ತನಕ ತೊಳೆದರೆ ಅದು ಮಲ್ಲಿನಂಥ ಮೆತ್ತನ್ನ ಅರಿವೆ. ನನ್ನ ಮೂರು ಮಕ್ಕಳ ಕುಲಾವಿಗಳು ಅದರಲ್ಲಿ ಹೊಲಿದವು. ಹಿರಿಯವನ ನೆತ್ತಿಯ ಮೇಲೆ ಅರ್ಧ ಗಾಲಿಯೊಂದರ ಗೀಟು ಹೋಗದೆ ಉಳಿದು, ನೋಡಲು ಬಂದವರು ಇದೇನು ಮಂತ್ರದ ಯಂತ್ರವೇ ಎಂದು ಕೇಳುತ್ತಿದ್ದರು. "ಹೌದ್ರಿ, ದೃಷ್ಟಿ ತಾಗಬಾರದಂತ" ಎಂದು ನಾದಿನಿ ನಗದೆ ಹೇಳಿಬಿಡುತ್ತಿದ್ದರು.

ಅವರ ಬಾಯಲ್ಲಿ ಯಾವಾಗಲೂ ಇದ್ದ ಮಾತು 'ಆಟ'. ಮಕ್ಕಳ ಆಟವಲ್ಲ. ಬಾಗಿಲು ಚೌಕಟ್ಟಿನೊಳಗೆ ಹಿಡಿಯದೆ ತಿರುಗಲು ಬಿಟ್ಟ ಕೂದಲಿನಷ್ಟು ಎಡೆ ಇರುತ್ತದಲ್ಲ, ಅದು ಬಡಿಗರಿಗೆ ಆಟ. ಮಾವನವರು ಕಲಿಸಿದ ಮಾತಂತೆ. "ಬಾಗಲಕ್ಕ ಆಟ ಇರಬೇಕು, ಇಲ್ಲಾಂದ್ರ ಮಳಿಗಾಲದಾಗ ಹಿಡಿತೈತಿ" ಎನ್ನುತ್ತಿದ್ದರು. ಇದನ್ನು ಅವರು ಬಾಗಿಲಿಗೆ ಮಾತ್ರ ಹೇಳುತ್ತಿರಲಿಲ್ಲ. ನಾನು ಹೊಸದಾಗಿ ಬಂದಾಗ ನೀರು ತರಲು ತಡವಾಯಿತೆಂದು ಅತ್ತೆಯವರು ಕೂಗಾಡಿದರೆ ಪಡಸಾಲೆಯಿಂದ, ತಲೆ ಎತ್ತದೆ, "ಅವ್ವಾ, ಸೊಸಿಗೂ ಒಂದೀಟು ಆಟ ಬಿಡು. ಬೋಲ್ಟ ಬಾಳ ಬಿಗದರ ಪಟ್ಟಿ ಸೀಳತೈತಿ" ಎಂದು ಹೇಳಿ ಕೆಲಸ ಮುಂದುವರಿಸುವರು. ಅತ್ತೆಯವರಿಗೆ ಬೋಲ್ಟೂ ತಿಳಿಯುತ್ತಿರಲಿಲ್ಲ, ಪಟ್ಟಿಯೂ ತಿಳಿಯುತ್ತಿರಲಿಲ್ಲ. ಸುಮ್ಮನಾಗುತ್ತಿದ್ದರು. ನಾದಿನಿ ಎಂದರೆ ಸೊಸೆಯ ಬಾಳಿಗೆ ಮುಳ್ಳು ಎಂದು ಕೇಳಿ ಬೆಳೆದವಳು ನಾನು. ನನ್ನ ಪಾಲಿಗೆ ಬಂದದ್ದು ಇಂಥ ನಾದಿನಿ.

ಈಗ ಆ ತೂತಿನ ಸಂಗತಿ ಹೇಳಬೇಕು.

ಹತ್ತಿ ಬಿಡಿಸುವ ಯಂತ್ರದಲ್ಲಿ ಚರ್ಮ ಸುತ್ತಿದ ಒಂದು ಉರುಳಿ ತಿರುಗುತ್ತದೆ. ಅದಕ್ಕೆ ತಾಗಿದಂತೆ ಒಂದು ಕಬ್ಬಿಣದ ಪಟ್ಟಿ. ಅರಳೆ ಚರ್ಮಕ್ಕೆ ಹತ್ತಿಕೊಂಡು ಆಚೆ ಹೋಗುತ್ತದೆ, ಬೀಜ ಪಟ್ಟಿಗೆ ತಡೆದು ಈಚೆ ಬೀಳುತ್ತದೆ. ದಿನ ಹೋದಂತೆ ಚರ್ಮ ಸವೆಯುತ್ತದೆ, ಉರುಳಿ ಸಣ್ಣದಾಗುತ್ತದೆ, ಪಟ್ಟಿಯನ್ನು ಅಷ್ಟಷ್ಟೇ ಮುಂದೆ ಸರಿಸಬೇಕಾಗುತ್ತದೆ. ಅದಕ್ಕೆಂದೇ ಪಟ್ಟಿಯ ಬೋಲ್ಟಿನ ತೂತು ದುಂಡಗೆ ಇರದೆ ಉದ್ದಕ್ಕೆ ಇರುತ್ತದೆ. ಬೋಲ್ಟು ಸಡಿಲಿಸು, ಪಟ್ಟಿ ಸರಿಸು, ಮತ್ತೆ ಬಿಗಿ. ಒಂದು ಸಲ ಸುಗ್ಗಿಗೆ ಮೊದಲು ಗಿರಣಿಯ ಇಂಜಿನೇರ್ ಸಾಹೇಬರು ತೂತನ್ನು ಇನ್ನಷ್ಟು ಉದ್ದ ಮಾಡಿಸಬೇಕೆಂದರು. ಚರ್ಮ ಪೂರ್ತಿ ಸವೆಯುವ ತನಕ ಪಟ್ಟಿ ಮುಂದೆ ಹೋಗುವಂತಾದರೆ ಸುಗ್ಗಿಯ ನಡುವೆ ಯಂತ್ರ ಬಿಚ್ಚುವುದು ತಪ್ಪುತ್ತದೆ. ಒಳ್ಳೆಯ ವಿಚಾರವೇ.

ಉದ್ದ ಎಂದ ಕೂಡಲೇ ನಾದಿನಿಯ ಹುಬ್ಬು ಗಂಟಾಯಿತು. ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಬಂದು ಕೂತು, ಹಿಟ್ಟಿನ ಮುದ್ದೆಯನ್ನು ತಟ್ಟಿ, ಅದರಲ್ಲಿ ಬೆರಳಿನಿಂದ ಎರಡು ತೂತು ಹೊಡೆದು, ನಡುವಿನ ಹಿಟ್ಟನ್ನು ಕಿತ್ತು ತೆಗೆದರು. ಎರಡು ದುಂಡು ತೂತು ಕೂಡಿ ಒಂದು ಉದ್ದ ತೂತಾಯಿತು.

"ಹೇಳು ತಂಗೀ, ಇದರ ಉದ್ದ ಎಷ್ಟು?"

ನಾನು ಈ ತುದಿಯಿಂದ ಆ ತುದಿಗೆ ಗೇಣು ಹಾಕಿದೆ.

"ಅದು ನೀ ಅಳದಿ. ಕಮ್ಮಾರ ಹಂಗ ಅಳಿಯೂದಿಲ್ಲ. ಅಂವ ಮೊದಲ ಎರಡ ತೂತು ಕೊರಿತಾನ, ಆಮ್ಯಾಲ ನಡುವಿಂದ ಕಡಿತಾನ. ಅಂವಗ ಈ ತೂತಿನ ನಡುದಿಂದ ಆ ತೂತಿನ ನಡುವಿಗೆ ಬೇಕು. ಒಂದ ತೂತಿಗೆ ಎರಡ ಉದ್ದ ಆದುವಿಲ್ಲ? ಬರೇ ಉದ್ದ ಅಂತ ಬರದ್ರ ಯಾರ ಯಾವುದು ಹಿಡಿತಾರೋ ಆ ಎಲ್ಲವ್ವನ ಬಲ್ಲಳು."

"ಹಂಗಾರ ಏನ ಬರೀತೀರಿ ಅಕ್ಕಾರ?"

"ತೂತಿಂದು ಬರಿಯೂದ ಬ್ಯಾಡ. ಅದರಾಗಿನ ಬೋಲ್ಟ ಎಷ್ಟು ಸರಿದಾಡತೈತಿ ಅದನ್ನ ಬರೀತೇನಿ. ಆಟ. ಅದು ಒಂದ ಇರತೈತಿ."

ಹಿಟ್ಟಿನ ಮುದ್ದೆಯನ್ನು ನನ್ನ ಕೈಗೆ ಕೊಟ್ಟು ಎದ್ದುಹೋದರು. ಆ ತೂತಿನ ಹಿಟ್ಟಿನಿಂದಲೇ ಅಂದಿನ ರೊಟ್ಟಿ ಆಯಿತು.

ಬಡಿಗರ ಅಳತೆ ಸೂತದಲ್ಲಿ. ಎಂಟು ಸೂತ ಎಂದರೆ ಒಂದು ಇಂಚು. ಬೋಲ್ಟು ಹನ್ನೆರಡು ಸೂತ ಸರಿದಾಡಬೇಕಾಗಿತ್ತು. ನಕ್ಷೆಯಲ್ಲಿ ತೂತಿನ ಒಳಗೆ ಅಂಕಿ ಬರೆಯಲು ಎಡೆ ಸಾಲದೆಂದು ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: 'ಆಟ, ಸೂತ ೧೨'. ಬೇಕಾದ ಪಟ್ಟಿಗಳು ಆರು, ಅದನ್ನು ನಮ್ಮವರು ಬಾಯಲ್ಲೇ ಹೇಳಬೇಕು.

ಇಂಥ ಪಟ್ಟಿ ಮಾಡುವ ಕೈ ಇದ್ದದ್ದು ರಾಮದುರ್ಗದ ಒಬ್ಬ ಕಮ್ಮಾರನಿಗೆ. ಕೊಲ್ಲಾಪುರದ ಕಡೆಯವ, ಮನೆಮಾತು ಮರಾಠಿ. ಕನ್ನಡ ಆಡುತ್ತಿದ್ದ, ಅಕ್ಷರ ಮಾತ್ರ ಮರಾಠಿಯವರ ಬಾಳಬೋಧ ಒಂದೇ ಗೊತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ನಮ್ಮವರು ಮಾದರಿಗೆಂದು ಹಳೆಯ ಪಟ್ಟಿಯೊಂದನ್ನೂ ನಕ್ಷೆಯನ್ನೂ ತೆಗೆದುಕೊಂಡು ಯರಗಟ್ಟಿಯ ಮೇಲೆ ಹಾಯ್ದು ಹೋಗುವ ಗಾಡಿ ಹಿಡಿದರು. ಬುತ್ತಿ ಕಟ್ಟಿಕೊಟ್ಟವಳು ನಾನು. ಗಾಡಿ ಏರುವಾಗ ನಾದಿನಿ ಹೊಸ್ತಿಲಿನಲ್ಲಿ ನಿಂತು ಹೇಳಿದ್ದು ನನ್ನ ಕಿವಿಯಲ್ಲಿದೆ. "ತಮ್ಮಾ, ನಕ್ಷಾ ಅವನ ಕೈಯಾಗ ಬಿಟ್ಟ ಬಾ. ನಮ್ಮ ಹಂತೇಲಿ ಇನ್ನೊಂದ ಪ್ರತಿ ಐತಿ."

"ಆತು, ಆತು" ಎಂದರು.

ಪಟ್ಟಿ ತಯಾರಾದ ಸುದ್ದಿ ಬಂದು, ಮತ್ತೆ ಹೋಗಿ ಹೇರಿಕೊಂಡು ಬಂದಾಗ ಗಾಡಿ ಮೊದಲು ನಮ್ಮ ಮನೆಯ ಮುಂದೆ ನಿಂತಿತು. ನಾನು ನೀರಿನ ತಂಬಿಗೆ ತಂದೆ. ನಾದಿನಿ ಫೂಟಪಟ್ಟಿ ತಂದರು.

"ತಮ್ಮಾ, ಇವು ಎಂಟ ಅದಾವಲ್ಲೋ."

"ಹನ್ನೆರಡ ಅದಾವಕ್ಕಾ. ಬೇಕಾರ ಎಣಸು."

"ಪಟ್ಟಿ ಅಲ್ಲೋ ಮಾರಾಯಾ, ತೂತು! ತೂತು ಎಂಟ ಸೂತ ಅದಾವು. ಅದೂ ಈ ತುದಿಯಿಂದ ಆ ತುದಿಗೆ. ಬೋಲ್ಟಿನ ದಪ್ಪನ ನಾಕು ಹೋತಂದ್ರ ಆಟ ಉಳಿಯೂದು ನಾಕ. ಮತ್ತ, ಆರ ಹೇಳಿದ ಪಟ್ಟಿ ಹನ್ನೆರಡ ಯಾಕ ಬಂದುವು?"

"ಹೆಚ್ಚಿಗಿ ಇರಲಿ ಬಿಡು. ಸುಗ್ಗಿಯೊಳಗ ಉಪಯೋಗಕ್ಕ ಬರತಾವು."

"ಚರ್ಮ ಸವದ ಮ್ಯಾಲ ಪಟ್ಟಿ ಮುಂದ ಹೋಗೂದಿಲ್ಲಪಾ."

"ಈಗ ಚರ್ಮ ಹೊಸಾದೈತಿ. ಸವದಾಗ ನೋಡೂಣು."

ಈ 'ನೋಡೂಣು' ಎಂಬ ಮಾತಿನಿಂದ ಲೋಕದಲ್ಲಿ ಎಷ್ಟು ಮನೆ ಹಾಳಾಗಿವೆಯೋ ನಾನರಿಯೆ. ನೀರು ಕುಡಿದು, ಮೀಸೆ ಒರೆಸಿಕೊಂಡು, ಗಾಡಿ ಹೊಡೆಸಿಕೊಂಡು ಗಿರಣಿಗೆ ಹೋದರು. ಪಟ್ಟಿ ಕೂಡಿಸಿದರು. ಯಂತ್ರ ನಡೆಯಿತು. ನಾನೂ ಮರೆತೆ. ನಾದಿನಿ ಮರೆಯಲಿಲ್ಲ. ಗಿರಣಿ ಕೂಗಿದಾಗಲೆಲ್ಲ ಬರೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು.

ಹೋಳಿ ಹುಣ್ಣಿಮೆ ಮುಂದಿದೆ ಎನ್ನುವಾಗ ಗಿರಣಿ ನಿಂತಿತು. ಚರ್ಮ ಸವೆದಿತ್ತು, ಪಟ್ಟಿ ಮುಂದೆ ಹೋಗಲೊಲ್ಲದು. ಅರಳೆಯಲ್ಲಿ ಬೀಜ ಜಜ್ಜಿ ಬೀಳತೊಡಗಿತು. ಹತ್ತಿ ಹೇರಿಕೊಂಡು ಬಂದ ಗಾಡಿಗಳು ನಮ್ಮ ಓಣಿಯ ತನಕ ಸಾಲುಗಟ್ಟಿ ನಿಂತವು. ಮನೆಯ ಮುಂದೆ ಎತ್ತುಗಳು, ಸಗಣಿ, ಗಾಡಿಯವರ ಬೈಗುಳ. ನಮ್ಮವರು ಹೊತ್ತಿಗೆ ಮೊದಲೇ ಮನೆಗೆ ಬಂದರು. ಚಪ್ಪಲಿ ಬಿಡುವಾಗಲೇ ಹೇಳಿದರು.

"ಅಕ್ಕಾ, ಇನ್ನ ಮ್ಯಾಲ ಮನಿಯೊಳಗ ನಕ್ಷಾ ಬರಿಯೂದು ಬ್ಯಾಡಂತ. ಸಾಹೇಬ್ರು ಹೇಳ್ಯಾರ."

"ಯಾಕಂತ?"

"ಹೆಂಗಸರ ಕೈಲೆ ಬರಸಿದ್ರ ಹಿಂಗ ಆಗತೈತಿ ಅಂದ್ರು."

ನಾದಿನಿ ಲೇಖಣಿಕೆ ಒರೆಸಿ ಇಟ್ಟರು. "ಹೆಂಗಸರ ಕೈ ಅಂತ ಅವರಿಗೆ ಹೆಂಗ ಗೊತ್ತಾತು?"

ನಮ್ಮವರು ಗೂಟದ ಕಡೆ ನೋಡಿದರು. "ಯಾರ ಬರದದ್ದು ಅಂತ ಕೇಳಿದ್ರು. ಖರೇ ಇದ್ದದ್ದು ಹೇಳಿದೆ."

"ಇಷ್ಟು ವರ್ಷ ಆ ಖರೇ ಎಲ್ಲಿ ಹೋಗಿತ್ತಪಾ? ದೇಶಾಂತರ ಹೋಗಿತ್ತೇನು?"

ನಮ್ಮವರು ರುಮಾಲು ಬಿಚ್ಚಿ ಆ ಗೂಟಕ್ಕೆ ಸಿಕ್ಕಿಸಿದರು. ತೂತು ಎಂಟಿದೆ ಎಂದು ಅಕ್ಕ ಬಾಗಿಲಲ್ಲೇ ಅಳೆದು ತೋರಿಸಿದ್ದನ್ನು ಸಾಹೇಬರಿಗೆ ಹೇಳಿದಿರಾ ಎಂದು ಕೇಳಿದ್ದು ನಾನು. "ನೀ ನಡು ಬಾಯಿ ಹಾಕಬ್ಯಾಡ" ಎಂದರು. ನಕ್ಷೆಯಲ್ಲಿ ಹನ್ನೆರಡು ಎಂದೇ ಇದೆಯಲ್ಲ, ತೆಗೆದು ತೋರಿಸಬಾರದೇ ಎಂದರೆ, ಅದೆಂಥ ಬರವಣಿಗೆ, ಆಟ ಗೀಟ, ಯಾರಿಗೆ ತಿಳಿಯಬೇಕು ಎಂದು ಸಾಹೇಬರು ನಕ್ಷೆಯನ್ನು ಮೂಲೆಗೆ ಒಗೆದರಂತೆ. ಸಾಹೇಬರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರು ದೂರದವರು, ನಾಲ್ಕು ದಿನ ಇದ್ದು ಹೋಗುವವರು. ಅಕ್ಕನ ಕೈಯ ರೊಟ್ಟಿ ತಿಂದು, ಅಕ್ಕನ ಕೈಯ ನಕ್ಷೆಯ ಮೇಲೆ ತನ್ನ ಹೆಸರು ಹೊತ್ತು ತಿರುಗಿದವರ ಮೇಲೆ ಇದೆ.

ಬಾವಿಯ ಹತ್ತಿರ ಸುದ್ದಿ ನಮಗಿಂತ ಮೊದಲೇ ಹೋಗಿತ್ತು. ಪಕ್ಕದ ಮನೆಯಾಕೆ ಹಗ್ಗ ಎಳೆಯುತ್ತ, "ಏನವಾ, ನಿಮ್ಮ ನಾದಿನಿ ಒಂದ ಗೀಟ ಎಳದದ್ದಕ್ಕ ಇಡೀ ಗಿರಣಿ ನಿಂತಿತಂತ? ನಮ್ಮ ಮನಿ ಮುಂದಿನ ಗಟಾರಕ್ಕೂ ಒಂದ ಗೀಟ ಎಳಿಸವಾ, ನೀರರ ನಿಂದರಲಿ" ಎಂದಳು. ಎಲ್ಲರೂ ನಕ್ಕರು.

"ಗಟಾರ ಆಮ್ಯಾಲ ನೋಡೂಣಂತ, ಮೊದಲ ನಿನ್ನ ಬಾಯಿಗೆ ಎಳಸ್ತೇನಿ" ಎಂದು ಹೇಳಿ ಕೊಡ ಎತ್ತಿಕೊಂಡೆ. ಅಂಥ ಮಾತು ನನ್ನ ಬಾಯಿಂದ ಅದುವರೆಗೆ ಬಂದಿರಲಿಲ್ಲ. ಎತ್ತಿದ ರಭಸಕ್ಕೆ ಅರ್ಧ ಕೊಡ ಸೀರೆಯ ಮೇಲೆ ಚೆಲ್ಲಿತು.

ಬರೆಯುವ ಹಲಗೆಯನ್ನು ಅತ್ತೆಯವರು ಜೋಳದ ಗುಮ್ಮಿಯ ಬಾಯಿಗೆ ಮುಚ್ಚಳ ಮಾಡಿದರು. "ಇಲಿ ಬೀಳೂದರ ತಪ್ಪತೈತಿ" ಎಂದರು. ನಿತ್ಯ ಜೋಳ ತೆಗೆಯುವವಳು ನಾನು. ನಿತ್ಯ ಆ ಹಲಗೆ ಎತ್ತಬೇಕು, ಅದರ ಅಂಚಿನಲ್ಲಿ ಲೇಖಣಿಕೆ ನಡೆಯುತ್ತದೆಯೋ ಇಲ್ಲವೋ ಎಂದು ಅವರು ಹಾಕಿ ನೋಡಿದ ಸಣ್ಣ ಸಣ್ಣ ಗೀಟುಗಳನ್ನು ನೋಡಬೇಕು, ಮತ್ತೆ ಮುಚ್ಚಬೇಕು. ನಾದಿನಿ ರೊಟ್ಟಿ ಮುಗಿದ ಮೇಲೆ ಅದೇ ಕಿಟಕಿಯ ಹತ್ತಿರ ಹೋಗಿ ಕೂಡುತ್ತಿದ್ದರು. ತಪಕೀರು ಏರಿಸಿ ಸೀನುತ್ತಿದ್ದರು, ಸೀನಿದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ.

ಕಾರಹುಣ್ಣಿಮೆಯ ಹೊತ್ತಿಗೆ ರಾಮದುರ್ಗದ ಕಮ್ಮಾರನೇ ಬಂದ. ನಿನ್ನ ಪಟ್ಟಿ ನೀನೇ ಒಯ್ಯಿ ಎಂದು ಗಿರಣಿಯವರು ಹೇಳಿ ಕಳಿಸಿದ್ದರು. ಎತ್ತರದ ಆಳು, ಹುಬ್ಬಿನ ಕೂದಲು ಕುಲುಮೆಗೆ ಸುಟ್ಟು ಮುಖ ಬೋಳುಬೋಳು ಕಾಣುತ್ತಿತ್ತು. ಪಟ್ಟಿಗಳನ್ನು ಗಾಡಿಗೆ ಹಾಕಿಕೊಂಡು ನೇರ ನಮ್ಮ ಅಂಗಳಕ್ಕೆ ಬಂದು ನಿಂತ. ನಮ್ಮವರು ಕೆಲಸಕ್ಕೆ ಹೋಗಿದ್ದರು. ನಾದಿನಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು.

"ನಕ್ಷಾ ಬರದ ಬಾಯಿ ನೀವೇನ್ರಿ?" ಎಂದ. "ಮಾಝೀ ಚೂಕ ಕಾಯ, ನನ್ನ ತಪ್ಪರ ಏನು, ಹೇಳ್ರಿ. ನನಗೂ ಒಂದ ಹೆಸರೈತಿ. ನಿಮ್ಮ ತಮ್ಮ ಓದಿ ಹೇಳಿದಂಗ ಮಾಡೇನಿ."

"ಏನಂತ ಓದಿದ?"

"ಆಠ ಸೂತ, ಹನ್ನೆರಡು."

ಬೇಳೆ ಆರಿಸುವ ಕೈ ನಿಂತಿತು. "ಇನ್ನೊಮ್ಮೆ ಅನ್ನು."

"ಆಠ ಸೂತ ತೂತು, ಹನ್ನೆರಡ ನಗ ಪಟ್ಟಿ. ಎಂಟ ಸೂತ ಅಂದ್ರ ಇಂಚ ಆತಲ್ಲ, ಇಂಚ ಅನ್ನೂದು ಬಿಟ್ಟು ಸೂತ ಯಾಕ ಅಂತಾರ ಅನಿಸ್ತು. ಬಡಿಗ್ಯಾರು, ಸೂತ ಬಿಟ್ಟು ಮಾತಾಡೂದಿಲ್ಲ ಅಂತ ಸುಮ್ಮನಾದೆ. ಹಳೇ ಪಟ್ಟಿ ತೂತೂ ಅಷ್ಟ ಇತ್ತು."

ಮರಾಠಿಯಲ್ಲಿ ಆಠ ಎಂದರೆ ಎಂಟು! ನಮ್ಮವರು 'ಆಟ ಸೂತ ಹನ್ನೆರಡು' ಎಂದು ಒಂದೇ ಉಸಿರಿನಲ್ಲಿ ಓದಿದ್ದರು, ಆತ 'ಎಂಟು ಸೂತ, ಹನ್ನೆರಡು ಪಟ್ಟಿ' ಎಂದು ಕೇಳಿಕೊಂಡಿದ್ದ. ನಾದಿನಿ ಮೊದಲು ನಕ್ಕರು. ಮೊರ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆತನೂ ಅರ್ಥವಾಗಿ ಹಣೆ ಬಡಿದುಕೊಂಡು ನಕ್ಕ. ನಗು ನಿಂತ ಮೇಲೆ ಕೇಳಿದರು, "ನಕ್ಷಾ ನಿನ್ನ ಕೈಯಾಗ ಬಿಡಲಿಲ್ಲೇನು?"

"ಎಲ್ಲಿದ್ರಿ. ಎಣ್ಣಿ ಹತ್ತತೈತಿ ಅಂತ ಸುತ್ತಿ ಬಗಲಾಗ ಇಟಗೊಂಡ್ರು. ಅವತ್ತ ನಮ್ಮೂರಾಗ ಕುಸ್ತಿ ಇತ್ತು. ಹಲಗಿ ಬಾರಿಸೂದು ಕೇಳಿ ಅವರ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ."

ಕುಸ್ತಿ! ನಮಗೆ ಹೇಳಿದ್ದು ದಿನವಿಡೀ ಕುಲುಮೆಯ ಮುಂದೆ ನಿಂತು ಬೆವರು ಸುರಿಸಿದೆ ಎಂದು.

ನಾದಿನಿ ಮೊರ ಎತ್ತಿಕೊಂಡು ಮತ್ತೆ ಬೇಳೆ ಆರಿಸತೊಡಗಿದರು. ಆಮೇಲೆ, ಹೇಳುತ್ತಿರುವುದು ನನಗೋ ಆತನಿಗೋ ತಿಳಿಯದ ಹಾಗೆ ಅಂದರು. "ಒಂದ ತಪ್ಪು ನಂದೂ ಐತಿ. ಗೀಟ ಇರೂ ಜಾಗಾದಾಗ ಮಾತು ಬರದೆ. ಎರಡ ನಡುವಿಗೆ ಎರಡ ಗುರ್ತು ಹಾಕಿ, ಗೀಟ ಹೊರಗ ಎಳದು ಅಂಕಿ ಬರೀಬೇಕಿತ್ತು. ಗೀಟಿಗೆ ಕನ್ನಡ ಇಲ್ಲ, ಮರಾಠಿ ಇಲ್ಲ."

ಗಿರಣಿಯವರು, ಸಾಹೇಬರು, ನಮ್ಮವರು, ಇಷ್ಟು ಜನರಲ್ಲಿ ತನ್ನ ಪಾಲಿನ ತಪ್ಪು ತಾನು ಎತ್ತಿಕೊಂಡವರು ಅವರೊಬ್ಬರೇ. ಅದೂ ಅವರದು ಎಲ್ಲಕ್ಕಿಂತ ಸಣ್ಣ ಪಾಲು.

ಕಮ್ಮಾರ ಹೋಗುವ ಮುಂದೆ, "ಬಾಯಿ, ನಿಮ್ಮ ಹೆಸರೇನ್ರಿ?" ಎಂದು ಕೇಳಿದ. ನಾದಿನಿಗೆ ಕ್ಷಣ ತಿಳಿಯಲಿಲ್ಲ. ಅವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಇಲ್ಲವೆ ಇಂಥವರ ಮಗಳು, ಇಂಥವರ ಅಕ್ಕ. ಹೆಸರು ಕೇಳಿದ ಗಂಡಸು ಆತನೇ ಮೊದಲಿಗನಿರಬೇಕು. ಮೆಲ್ಲಗೆ ಹೇಳಿದರು. ಆತ ಎರಡು ಸಲ ಬಾಯಲ್ಲಿ ಅಂದುಕೊಂಡು ಗಾಡಿ ಹತ್ತಿದ.

ಅಂದು ಸಂಜೆ ನಮ್ಮವರಿಗೆ ಬಡಿಸಿದ ಸಾರಿನಲ್ಲಿ ಉಪ್ಪಿರಲಿಲ್ಲ. ಮರೆತದ್ದಲ್ಲ. ಕಮ್ಮಾರ ಬಂದದ್ದು, ಹೇಳಿದ್ದು ಎಲ್ಲವನ್ನೂ ನಾನೇ ಹೇಳಿದೆ, ಕುಸ್ತಿಯನ್ನು ಕಡೆಗೆ ಹೇಳಿದೆ. ಅವರು ಸಪ್ಪೆ ಸಾರನ್ನೇ ಸುರಿಯುತ್ತ, "ಈಗ ಸಾಹೇಬ್ರಿಗೆ ಹೇಳಿ ಏನ ಮಾಡೂದು? ಆದದ್ದು ಆತು. ನನ್ನ ಕೆಲಸಕ್ಕ ಕುತ್ತು ಬಂದ್ರ ನೀವೇನ ಉಣತೀರಿ?" ಎಂದರು. ಇದು ಸುಳ್ಳಲ್ಲ, ಅವರಿಗೆ ಅಂಜಿಕೆ ಇತ್ತು. ಅಂಜಿಕೆ ಇದ್ದವರು ಅಕ್ಕನನ್ನು ಮುಂದೆ ತಳ್ಳಿ ತಾವು ಹಿಂದೆ ನಿಲ್ಲಬಹುದು ಎಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ.

ಮುಂದಿನ ಸಂಕ್ರಾಂತಿಗೆ ಮೊದಲು, ನಮ್ಮವರು ಬಗಲಲ್ಲಿ ನಕ್ಷೆಯ ಬಟ್ಟೆಯ ಸುರುಳಿ ಇಟ್ಟುಕೊಂಡು ಬಂದರು. ವರ್ಷವಿಡೀ ಅವರೇ ಬರೆದ ನಕ್ಷೆಗಳನ್ನು ನೋಡಿ ಸಾಹೇಬರಿಗೂ ಸಾಕಾಗಿತ್ತಂತೆ. ಹಳೆಯ ಕೈಯಿಂದಲೇ ಬರೆಸು, ಯಾರ ಮುಂದೂ ಆಡಬೇಡ ಎಂದಿದ್ದರು. ಸುರುಳಿ ಕಂಡು ನಾದಿನಿಯ ಕಣ್ಣಿಗೆ ಬಂದ ಬೆಳಕನ್ನು ನಾನು ಒಲೆಯ ಮುಂದೆ ಕೂತೇ ಕಂಡೆ. ನಾನು ಎದ್ದು ಗುಮ್ಮಿಯ ಮೇಲಿನ ಹಲಗೆ ತೆಗೆದು ಒರೆಸಿ ತಂದಿಟ್ಟೆ.

"ಬರೀತೇನಿ" ಎಂದರು. "ಮೂಲ್ಯಾಗ ನನ್ನ ಹೆಸರು ಹಾಕತೇನಿ."

ನಮ್ಮವರು ಚೇಷ್ಟೆ ಎಂದುಕೊಂಡು ನಕ್ಕರು. ಅಕ್ಕ ನಗಲಿಲ್ಲ.

"ಹೆಂಗಸಿನ ಹೆಸರು, ಗಿರಣಿ ನಕ್ಷಾದ ಮ್ಯಾಲ? ಜನ ಏನಂತಾರಕ್ಕಾ?"

"ಹೋದ ವರ್ಷ ಅಂದ್ರಲ್ಲ. ಹೆಂಗಸು ಬರದದ್ದು ಅಂತ ಊರ ತುಂಬ ಅಂದ್ರು. ಕೆಟ್ಟದ್ದಕ್ಕ ನನ್ನ ಹೆಸರು ಆಗತೈತಿ ಅಂದ್ರ ಚಲೋದಕ್ಕೂ ಆಗಲಿ."

"ಸಾಹೇಬ್ರು ಒಪ್ಪೂದಿಲ್ಲ."

"ಕೇಳಿ ನೋಡು."

"ಅದನ್ನ ಹೆಂಗ ಕೇಳೂದಕ್ಕಾ?"

"ಹಂಗಾರ ಒಯ್ಯಿ."

ಸುರುಳಿ ಬಂದ ಹಾಗೆ ಬಗಲೇರಿ ಹೋಯಿತು. ಹಲಗೆ ಮತ್ತೆ ಗುಮ್ಮಿಯ ಮೇಲೆ ಹೋಯಿತು. ಒಂದು ಮಾತು ಕೇಳಲು, ಬರೀ ಒಂದು ಮಾತು ಕೇಳಲು, ನಮ್ಮವರಿಗೆ ನಾಲಿಗೆ ಬರಲಿಲ್ಲ. ಗಿರಣಿಗೆ ನಾದಿನಿ ಮತ್ತೆ ಬರೆಯಲಿಲ್ಲ. ತಮ್ಮ ಎಷ್ಟೋ ಸಲ ಬಂದು ಪಕ್ಕದಲ್ಲಿ ಕೂತು ಎದ್ದುಹೋದರು. ಬರೆಯಬೇಕೆಂಬ ಆಸೆ ಆ ಬೆರಳಿನಲ್ಲಿ ಎಷ್ಟಿತ್ತೆಂದು ನನಗೆ ಗೊತ್ತು. ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಉಸಿರು ಹಿಡಿದು ಗೀಟು ಎಳೆಯುತ್ತಿದ್ದರು, ಎಳೆದು ನೀರು ಸೋಕಿಸಿ ಒರೆಸುತ್ತಿದ್ದರು. ಅದೇ ಗೋಡೆಯ ಮೇಲೆ ನನಗೆ ಅಕ್ಷರ ಕಲಿಸಿದರು. ಈ ಬರೆಯುತ್ತಿರುವ ಅಕ್ಷರಗಳು ಅವರು ಕೊಟ್ಟವು. ನನ್ನ ಗೀಟುಗಳು ಈಗಲೂ ಹೊಟ್ಟೆ ಬಿಡುತ್ತವೆ.

ಆಮೇಲೆ ಬಹಳ ವರ್ಷ ಅವರು ಬದುಕಲಿಲ್ಲ. ಕೆಮ್ಮು ಹಿಡಿಯಿತು. ತಪಕೀರು ಬಿಡಿಸಿದೆ, ಕಷಾಯ ಮಾಡಿ ಕೊಟ್ಟೆ, ಇಳಿಯಲಿಲ್ಲ. ಹಾಸಿಗೆ ಹಿಡಿದ ಸುದ್ದಿ ಯರಗಟ್ಟಿಯ ಸಂತೆಯಲ್ಲಿ ಯಾರ ಬಾಯಿಂದ ಕೇಳಿದನೋ, ರಾಮದುರ್ಗದ ಕಮ್ಮಾರ ಒಂದು ಮಧ್ಯಾಹ್ನ ಬಂದ. ಹೆಗಲ ಮೇಲಿನ ಅರಿವೆಯ ಗಂಟು ಬಿಚ್ಚಿದ. ಒಳಗೆ ಆ ಹನ್ನೆರಡರಲ್ಲಿ ಒಂದು ಪಟ್ಟಿ. ತೂತನ್ನು ಮತ್ತೆ ಕೊರೆದು, ಕಡಿದು, ಅರದಿಂದ ತಿಕ್ಕಿ ನುಣ್ಣಗೆ ಮಾಡಿದ್ದ.

ನಾದಿನಿ ದಿಂಬಿಗೆ ಒರಗಿ ಫೂಟಪಟ್ಟಿ ತರಿಸಿಕೊಂಡರು. ತಗ್ಗು ಬಿದ್ದ ಬೆರಳನ್ನು ತೂತಿನ ಒಳಗಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರು.

"ನಡುದಿಂದ ನಡುವಿಗೆ ಹನ್ನೆರಡ ಐತಿ" ಎಂದರು. "ಈಗ ಖರೇ ಆತು."

"ಮೂಲ್ಯಾಗ ನೋಡ್ರಿ ಬಾಯಿ."

ಮೂಲೆಯಲ್ಲಿ ಬಾಳಬೋಧ ಅಕ್ಷರದಲ್ಲಿ ಉಳಿಯಿಂದ ಅವರ ಹೆಸರು ಕೊರೆದಿದ್ದ. ಬೇರೇನೂ ಇಲ್ಲ. ಆ ಅಕ್ಷರವನ್ನು ಮಾವನವರು ಹುಬ್ಬಳ್ಳಿಯಲ್ಲಿದ್ದಾಗ ಅಕ್ಕ ತಮ್ಮ ಇಬ್ಬರಿಗೂ ಕಲಿಸಿದ್ದರು. ನಾದಿನಿ ಅದನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ನೋಡಿದರು. ಆಮೇಲೆ ತುಟಿಯ ಕೊನೆಯಲ್ಲಿ ಆ ಹಳೆಯ ನಗು ಬಂತು.

"ಒಂದ ಅಕ್ಷರ ತಪ್ಪೈತಲ್ಲೋ."

ಆತ ನಾಲಿಗೆ ಕಚ್ಚಿಕೊಂಡ. "ಕೇಳಿದ್ದಷ್ಟ ಗೊತ್ತಿತ್ರಿ. ತರ್ರಿ, ಅರದು ತಿದ್ದಿ ಕೊಡತೇನಿ."

"ಬ್ಯಾಡ, ಬ್ಯಾಡ" ಎಂದು ಪಟ್ಟಿಯನ್ನು ಎದೆಯ ಕಡೆ ಎಳೆದುಕೊಂಡರು. "ಇರಲಿ ಬಿಡು. ಅಷ್ಟ ಆಟ ಇರಬೇಕು."

ಮುಂದಿನ ವಾರ ತೀರಿಕೊಂಡರು. ಗಿರಣಿ ಆ ವರ್ಷದ ಮೊದಲ ಕೂಗು ಹಾಕಿದ ದಿನ ಅದು. ಒಯ್ಯುವಾಗ ಗಿರಣಿಯ ಮುಂದಿನಿಂದಲೇ ಹೋಗಬೇಕು. ಯಾರೂ ಹೊರಗೆ ಬಂದು ನಿಲ್ಲಲಿಲ್ಲ. ಒಳಗೆ ಅವರು ಬರೆದ ಎಷ್ಟು ಭಾಗಗಳು ತಿರುಗುತ್ತಿದ್ದವೋ.

ಪಟ್ಟಿಯನ್ನು ನಾನು ಪಡಸಾಲೆಯ ಬಾಗಿಲಿಗೆ ಹೊಡೆಸಿದ್ದೇನೆ. ಅಗಳಿಯ ಗೂಟ ಅದರ ತೂತಿನಲ್ಲಿ ಸರಿದಾಡುತ್ತದೆ. ಮಳೆಗಾಲದಲ್ಲೂ ಹಿಡಿಯುವುದಿಲ್ಲ. ಅವರ ಹೆಸರನ್ನು ನಾನು ಇಲ್ಲಿ ಯಾಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ಅದು ಇರಬೇಕಾದ ಜಾಗದಲ್ಲಿ, ಕೆಲಸದ ಮೂಲೆಯಲ್ಲಿ, ಇದೆ. ಬೇಕಾದವರು ನಮ್ಮ ಮನೆಗೆ ಬನ್ನಿ. ನಮ್ಮವರು ಈಗ ಕೆಲಸ ಬಿಟ್ಟು ದಿನವಿಡೀ ಆ ಬಾಗಿಲ ಪಕ್ಕದಲ್ಲೇ ಕೂತಿರುತ್ತಾರೆ. ಅವರನ್ನೇ ಕೇಳಿ, ಅವರೇ ಓದಿ ಹೇಳಲಿ. ಸಾವಕಾಶವಾಗಿ ಓದಲಿ. ಊರಲ್ಲಿ ಇವತ್ತು ಕುಸ್ತಿ ಇಲ್ಲ.